ಮಿನಿಲಾಗ್ ಎಕ್ಸ್‌ಡಿ: ಒಳಗಿನ ಎಫೆಕ್ಟ್ ಸಾಕಾ, ಹೊರಗೆ ಪೆಡಲ್ ಬೇಕಾ?

ಕಾರ್ಗ್ ಮಿನಿಲಾಗ್ ಎಕ್ಸ್‌ಡಿ ಅನ್ನುವ ಸಿಂತ್ (ಸಿಂಥಸೈಜರ್, ಸದ್ದನ್ನು ನಾವೇ ಕಟ್ಟಿಕೊಳ್ಳಬಹುದಾದ ಎಲೆಕ್ಟ್ರಾನಿಕ್ ಕೀಬೋರ್ಡ್) ನಮ್ಮ ಮನೆಗೆ ಬಂದು ಮೂರು ವರ್ಷ ಆಯಿತು. ಅದರ ಬಲಗಡೆ ಎರಡು ಪೆಡಲ್, ಅಂದರೆ ಸದ್ದಿಗೆ ಎಫೆಕ್ಟ್ ಸೇರಿಸುವ ಡಬ್ಬಿಗಳು, ಇವೆ. ಒಂದು ಜೂಮ್ ಎಂಎಸ್-70ಸಿಡಿಆರ್, ಇನ್ನೊಂದು ಬಾಸ್ ಆರ್‌ವಿ-6. ಕೀಬೋರ್ಡ್ ನುಡಿಸುವ ಗೆಳೆಯರು ಯಾರೇ ಮನೆಗೆ ಬಂದರೂ ಕೇಳುವುದು ಒಂದೇ ಮಾತು. ಸಿಂತ್ ಒಳಗೇ ರಿವರ್ಬ್, ಡಿಲೇ, ಕೋರಸ್ ಎಲ್ಲ ಇದೆ ಅಲ್ವಾ, ಮತ್ತೆ ಈ ಡಬ್ಬಿಗಳು ಯಾಕೆ? (ರಿವರ್ಬ್ ಅಂದರೆ ದೊಡ್ಡ ಕೋಣೆಯಲ್ಲಿ ಕೇಳುವ ಹಾಗೆ ಸದ್ದು ಉಳಿದು ಮೊಳಗುವುದು, ಡಿಲೇ ಅಂದರೆ ಸ್ವಲ್ಪ ತಡವಾಗಿ ಮರುಕಳಿಸುವುದು, ಕೋರಸ್ ಅಂದರೆ ಹಲವರು ಸೇರಿ ನುಡಿಸಿದ ಹಾಗೆ ದಪ್ಪ ಮಾಡುವುದು.) ಒಳ್ಳೆಯ ಪ್ರಶ್ನೆ. ಮೊದಲ ವರ್ಷ ನನಗೂ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೋರಸ್, ಫೇಸರ್ ಥರ ಸದ್ದನ್ನು ಅಲೆಯಾಡಿಸುವುದೆಲ್ಲ ಒಳಗಿನದೇ ಇರಲಿ, ರಿವರ್ಬ್ ಮಾತ್ರ ಹೊರಗಿನದು ಹಾಕಿ. ಡಿಲೇ ಎಲ್ಲಿರಬೇಕು ಅನ್ನುವುದು ನೀವು ಮನೆಯಲ್ಲಿ ಜಾಸ್ತಿ ನುಡಿಸುತ್ತೀರಾ, ಸ್ಟೇಜ್ ಮೇಲೆ ಜಾಸ್ತಿ ನುಡಿಸುತ್ತೀರಾ ಎಂಬುದನ್ನು ನೋಡಿಕೊಂಡು ತೀರ್ಮಾನಿಸಿ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ಮೊದಲು ಸಿಂತ್ ಬಗ್ಗೆ. ಎಕ್ಸ್‌ಡಿ ಬಂದಿದ್ದು 2019ರಲ್ಲಿ. ನಾಲ್ಕು ವಾಯ್ಸ್ (ಒಟ್ಟಿಗೆ ನುಡಿಯಬಲ್ಲ ಸ್ವರಗಳು) ಅನಲಾಗ್, ಜೊತೆಗೆ ಒಂದು ಡಿಜಿಟಲ್ ಆಸಿಲೇಟರ್ (ಸದ್ದು ಹುಟ್ಟಿಸುವ ಭಾಗ), 37 ಸಣ್ಣ ಕೀಗಳು. ಇದಕ್ಕಿಂತ ಮುಂಚೆ, 2016ರಲ್ಲಿ ಬಂದ ಹಳೆಯ ಮಿನಿಲಾಗ್‌ನಲ್ಲಿ ಎಫೆಕ್ಟ್ ಅಂತ ಇದ್ದಿದ್ದು ಒಂದು ಡಿಲೇ ಮಾತ್ರ. ಔಟ್‌ಪುಟ್ ಕೂಡ ಮೋನೋ. ಎಕ್ಸ್‌ಡಿಯಲ್ಲಿ ಔಟ್‌ಪುಟ್ ಸ್ಟೀರಿಯೋ ಆಯಿತು. ಮಾಡ್ಯುಲೇಷನ್, ಡಿಲೇ, ರಿವರ್ಬ್ ಮೂರನ್ನೂ ಒಟ್ಟಿಗೇ ಆನ್ ಮಾಡಿಕೊಳ್ಳಬಹುದು. ಮಾಡ್ಯುಲೇಷನ್‌ನಲ್ಲಿ ಕೋರಸ್, ಎನ್‌ಸೆಂಬಲ್, ಫೇಸರ್, ಫ್ಲಾಂಜರ್ ಇವೆ. ಬೇರೆಯವರು ಬರೆದ ಎಫೆಕ್ಟ್‌ಗಳನ್ನು ಕಂಪ್ಯೂಟರ್‌ನಿಂದ ತುಂಬಿಕೊಳ್ಳಲು ಜಾಗವನ್ನೂ ಬಿಟ್ಟಿದ್ದಾರೆ. ಈ ಬೆಲೆಯ ಅನಲಾಗ್ ಸಿಂತ್‌ನಲ್ಲಿ ಇದು ದೊಡ್ಡ ವಿಷಯ.

ಆದರೆ ಇಷ್ಟಕ್ಕೆಲ್ಲ ಪ್ಯಾನೆಲ್ ಮೇಲೆ ಇರುವುದು ಟೈಮ್, ಡೆಪ್ತ್ ಅಂತ ಎರಡು ನಾಬ್. ಒಂದು ಸ್ವಿಚ್‌ನಲ್ಲಿ ಯಾವ ಎಫೆಕ್ಟ್ ಅಂತ ಆರಿಸಿಕೊಂಡು, ಈ ಎರಡು ನಾಬ್‌ನಲ್ಲೇ ಎಲ್ಲ ಮುಗಿಸಬೇಕು. ಕೋರಸ್‌ಗೆ ಎರಡು ನಾಬ್ ಧಾರಾಳ ಸಾಕು. ವೇಗ ಎಷ್ಟು, ಆಳ ಎಷ್ಟು, ಅಷ್ಟೇ ತಾನೇ? ರಿವರ್ಬ್‌ಗೆ ಸಾಲುವುದಿಲ್ಲ. ಬಾಲ, ಅಂದರೆ ಸ್ವರ ನಿಂತ ಮೇಲೂ ಉಳಿಯುವ ಮೊಳಗು, ಎಷ್ಟು ಉದ್ದ ಅನ್ನುವುದು ಒಂದು. ಸ್ವರ ಕೇಳಿದ ಎಷ್ಟು ಹೊತ್ತಿಗೆ ಬಾಲ ಶುರುವಾಗಬೇಕು ಅನ್ನುವುದು ಇನ್ನೊಂದು. ಬಾಲದ ಮೇಲಿನ ಕೀರಲು ಎಷ್ಟು ಬೇಗ ಆರಬೇಕು, ಕೆಳಗಿನ ಗುಂಯ್ ಎಷ್ಟು ಕತ್ತರಿಸಬೇಕು, ಇವೆಲ್ಲ ಬೇರೆ ಬೇರೆ. ನನ್ನ ವಾದದ ಅರ್ಧ ಭಾಗ ಈ ಎರಡು ನಾಬ್‌ಗಳಲ್ಲೇ ಇದೆ.

ಅಂಗಡಿಯಲ್ಲಿ ಸಿಂತ್ ನೋಡಲು ಹೋಗುವವರಿಗೆ ಇಲ್ಲೇ ಒಂದು ಮಾತು ಹೇಳುತ್ತೇನೆ. ಯಾವ ಬ್ರ್ಯಾಂಡ್ ಆದರೂ ಸರಿ, ಕಾರ್ಖಾನೆಯಿಂದ ಬರುವ ಪ್ಯಾಚ್‌ಗಳಲ್ಲಿ (ಸೇವ್ ಮಾಡಿಟ್ಟ ಸದ್ದುಗಳಲ್ಲಿ) ತುಂಬಾನೇ ಎಫೆಕ್ಟ್ ತುಂಬಿರುತ್ತದೆ. ಒಂದು ಕೀ ಒತ್ತಿದರೆ ಮೈ ಜುಂ ಅನ್ನಬೇಕು, ಅದಕ್ಕೇ ಹಾಗೆ ಮಾಡಿರುತ್ತಾರೆ. ನೀವು ಮಾತ್ರ ಮೂರೂ ಎಫೆಕ್ಟ್ ಆಫ್ ಮಾಡಿ ಕೇಳಿ. ಒಣಗಿದ ಸದ್ದು. ಒಂದೇ ಕೀ ಒತ್ತಿ ಹಿಡಿದುಕೊಂಡು ಫಿಲ್ಟರ್ (ಸದ್ದಿನ ಹೊಳಪನ್ನು ಕತ್ತರಿಸುವ ಭಾಗ) ನಿಧಾನಕ್ಕೆ ತೆರೆಯಿರಿ. ಅದು ಇಷ್ಟವಾದರೆ ಆ ಸಿಂತ್ ತೆಗೆದುಕೊಳ್ಳಿ. ರಿವರ್ಬ್ ಆಮೇಲೆ ಎಲ್ಲಿಂದ ಬೇಕಾದರೂ ತರಬಹುದು, ಫಿಲ್ಟರ್ ತರೋಕೆ ಆಗಲ್ಲ. ನಾನು ಎಕ್ಸ್‌ಡಿ ತೆಗೆದುಕೊಂಡಿದ್ದು ಹೀಗೇ ಕೇಳಿ.

ಈಗ ಕೋರಸ್ ಯಾಕೆ ಒಳಗೇ ಇರಬೇಕು ಅಂದೆ? ಇದಕ್ಕೆ ಹಳೆಯ ಉದಾಹರಣೆ ರೋಲೆಂಡ್ ಜೂನೋ. ಜೂನೋ-60 ಬಂದಿದ್ದು 1982ರಲ್ಲಿ, ಜೂನೋ-106 ಬಂದಿದ್ದು 1984ರಲ್ಲಿ. ಆರು ವಾಯ್ಸ್, ಆದರೆ ಒಂದೊಂದು ವಾಯ್ಸ್‌ಗೆ ಒಂದೊಂದೇ ಆಸಿಲೇಟರ್. ದುಡ್ಡು ಉಳಿಸಲು ಹಾಗೆ ಮಾಡಿದ್ದರು. ಒಂದು ಆಸಿಲೇಟರ್‌ನ ಸದ್ದು ತೆಳ್ಳಗಿರುತ್ತದೆ, ಒಬ್ಬರೇ ಪಿಟೀಲು ನುಡಿಸಿದ ಹಾಗೆ. ಅದಕ್ಕೆ ಕೋರಸ್ ಬಟನ್ ಕೊಟ್ಟರು. ಒತ್ತಿದ ಕೂಡಲೇ ಹತ್ತು ಜನ ಸೇರಿ ನುಡಿಸಿದ ಹಾಗೆ ಕೇಳುತ್ತದೆ. ಒಳಗೆ ಬಕೆಟ್ ಬ್ರಿಗೇಡ್ ಅನ್ನುವ ಚಿಪ್ ಇರುತ್ತದೆ. ಎಲ್ಲೋ ಬೆಂಕಿ ಬಿದ್ದಾಗ ಜನ ಬಾವಿಯಿಂದ ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಸದ್ದನ್ನು ಒಂದು ಮನೆಯಿಂದ ಮುಂದಿನ ಮನೆಗೆ ದಾಟಿಸುತ್ತಾ ಹೋಗುತ್ತದೆ. ಕೊನೆಗೆ ಬರುವಷ್ಟರಲ್ಲಿ ಕೆಲವು ಮಿಲಿಸೆಕೆಂಡ್ ತಡ ಆಗಿರುತ್ತದೆ. ಆ ತಡವನ್ನು ಹೆಚ್ಚು ಕಡಿಮೆ ಮಾಡುತ್ತಾ ಇದ್ದರೆ ಶ್ರುತಿ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ. ಎಡಗಡೆ ಏರುವಾಗ ಬಲಗಡೆ ಇಳಿಯುತ್ತದೆ. ಅದನ್ನು ಒಣ ಸದ್ದಿನ ಜೊತೆ ಬೆರೆಸಿದರೆ ಆ ಅಗಲ ಬರುತ್ತದೆ. ಜೂನೋ ಸದ್ದು ಅಂತ ಜನ ಹೇಳುವುದು ಮುಕ್ಕಾಲು ಪಾಲು ಆ ಕೋರಸ್ಸನ್ನೇ. ಅದನ್ನು ತೆಗೆದು ಹೊರಗೆ ಇಟ್ಟರೆ ಉಳಿಯುವುದು ಬೇರೆಯದೇ ವಾದ್ಯ.

ನನ್ನ ಎಕ್ಸ್‌ಡಿಯಲ್ಲೂ ಹಾಗೇ ಆಯಿತು. ಸ್ಟ್ರಿಂಗ್ಸ್‌ಗಾಗಿ ನಾನು ಮಾಡಿಕೊಂಡ ಒಂದು ಪ್ಯಾಚ್ ಇದೆ. ಎರಡು ಆಸಿಲೇಟರ್‌ನಲ್ಲೂ ಸಾ-ಟೂತ್ ಅನ್ನುವ ಚೂಪು ಸದ್ದು, ಒಂದರ ಶ್ರುತಿಯನ್ನು ಒಂಚೂರು ಮೇಲೆ ಎಳೆದಿದ್ದೇನೆ. ಫಿಲ್ಟರ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಕೋರಸ್ ಥರದ್ದೇ ಆದ ಎನ್‌ಸೆಂಬಲ್ ಆನ್. ಆ ಎನ್‌ಸೆಂಬಲ್ ಕೇಳಿಕೊಂಡೇ ಫಿಲ್ಟರ್ ಎಷ್ಟಿರಬೇಕು ಅಂತ ನಿಲ್ಲಿಸಿದ್ದು. ಎಫೆಕ್ಟ್ ಆಫ್ ಮಾಡಿದರೆ ಫಿಲ್ಟರ್ ಕೂಡ ತಪ್ಪು ಅನಿಸುತ್ತದೆ. ಅಂದರೆ ಅದು ಮೇಲಿನಿಂದ ಬಳಿದ ಬಣ್ಣ ಆಗಿ ಉಳಿದಿಲ್ಲ, ಹಿಟ್ಟಿಗೆ ಉಪ್ಪು ಸೇರಿದ ಹಾಗೆ ಸೇರಿಹೋಗಿದೆ. ಇಂಥದ್ದು ಪ್ಯಾಚ್ ಜೊತೆಗೇ ಸೇವ್ ಆಗಬೇಕು, ಪ್ಯಾಚ್ ಜೊತೆಗೇ ವಾಪಸ್ ಬರಬೇಕು.

ಈ ಸೇವ್ ಆಗುವ ವಿಷಯದ ಬೆಲೆ ಸ್ಟೇಜ್ ಮೇಲೆ ಗೊತ್ತಾಗುತ್ತದೆ. ನಾನು ಒಂದು ಆರ್ಕೆಸ್ಟ್ರಾದಲ್ಲಿ ಎರಡನೇ ಕೀಬೋರ್ಡ್ ನುಡಿಸುತ್ತೇನೆ. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ, ಹೀಗೆ. ಒಂದು ಹಾಡು ಮುಗಿದು ನಿರೂಪಕರು ಎರಡು ಮಾತು ಆಡುವಷ್ಟರಲ್ಲಿ ಮುಂದಿನ ಹಾಡಿಗೆ ರೆಡಿ ಇರಬೇಕು. ಎಂಬತ್ತರ ದಶಕದ ಹಾಡಿಗೆ ಕೋರಸ್ ತುಂಬಿದ ಸ್ಟ್ರಿಂಗ್ಸ್, ಅದರ ಹಿಂದೆಯೇ ಈಗಿನ ಹಾಡಿಗೆ ಒಣ ಬೇಸ್. ಎಕ್ಸ್‌ಡಿಯಲ್ಲಿ 500 ಪ್ರೋಗ್ರಾಂ (ಪ್ಯಾಚ್) ಜಾಗ ಇದೆ. ಒಂದು ನಾಬ್ ತಿರುಗಿಸಿದರೆ ಸದ್ದು, ಕೋರಸ್, ಡಿಲೇ ಎಲ್ಲ ಒಟ್ಟಿಗೇ ಬದಲಾಗುತ್ತದೆ. ಹೊರಗೆ ಎರಡು ಪೆಡಲ್ ಇದ್ದರೆ ಬಗ್ಗಿ, ಕತ್ತಲಲ್ಲಿ ಹುಡುಕಿ, ಎರಡರಲ್ಲೂ ನಾಬ್ ತಿರುಗಿಸಬೇಕು. ಆಗಲ್ಲ. ಒಮ್ಮೆ ಪೂರ್ತಿ ಡಿಲೇ ಆನ್ ಇದ್ದ ಹಾಗೇ ಒಂದು ವೇಗದ ಹಾಡು ಶುರುವಾಗಿಬಿಟ್ಟಿತು. ಮೊದಲ ನಾಲ್ಕು ಆವರ್ತ ನನ್ನ ಬೆರಳು ಒಂದು ತಾಳದಲ್ಲಿ, ಡಿಲೇ ಇನ್ನೊಂದು ತಾಳದಲ್ಲಿ. ಪಕ್ಕದಲ್ಲಿದ್ದ ರಿದಂ ಪ್ಯಾಡ್‌ನವರು ತಿರುಗಿ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆವತ್ತಿನಿಂದ ಸ್ಟೇಜ್ ಮೇಲೆ ಡಿಲೇ ಒಳಗಿನದೇ. ಹಾಡಿನ ವೇಗಕ್ಕೆ ಸಿಂಕ್ ಮಾಡಿ, ಪ್ಯಾಚ್‌ನಲ್ಲೇ ಸೇವ್ ಮಾಡಿಟ್ಟಿದ್ದೇನೆ.

ಇನ್ನು ರಿವರ್ಬ್. ಇಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬೇರೆ.

ಇದು ನನಗೆ ಗೊತ್ತಾಗಿದ್ದು ಸರಳೆ ವರಸೆಯಿಂದ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರಿಗೆಲ್ಲ ಮಾಯಾಮಾಳವಗೌಳ ರಾಗ ಬಾಯಿಪಾಠ ಇರುತ್ತದೆ ಅಲ್ವಾ. ಒಂದು ರಾತ್ರಿ ಸುಮ್ನೆ ಕೂತು ಎಕ್ಸ್‌ಡಿಯಲ್ಲಿ ಮೃದುವಾದ ಒಂದು ಲೀಡ್ ಇಟ್ಟುಕೊಂಡು ಸ ರಿ ಗ ಮ ಪ ದ ನಿ ಸ ನಿಧಾನಕ್ಕೆ ನುಡಿಸುತ್ತಿದ್ದೆ. ರಿವರ್ಬ್ ಉದ್ದ ಇಟ್ಟಿದ್ದೆ, ದೇವಸ್ಥಾನದ ಪ್ರಾಕಾರದಲ್ಲಿ ಕೇಳುವ ಹಾಗೆ. ಸ ನುಡಿಸಿದೆ, ಚೆನ್ನಾಗಿತ್ತು. ರಿ ನುಡಿಸಿದ ಕೂಡಲೇ ಕಲಸಿಹೋಯಿತು. ಸ ಇನ್ನೂ ಬಾಲದಲ್ಲಿ ಉಳಿದಿದೆ, ಅದರ ಪಕ್ಕದ ಮನೆಯ ಶುದ್ಧ ರಿಷಭ ಅದರ ಮೇಲೇ ಬಂದು ಕೂತಿದೆ, ಎರಡೂ ಸೇರಿ ಗರಗರ ಅನ್ನುತ್ತಿದೆ. ಗ ಮತ್ತು ಮ ನಡುವೆಯೂ ಹೀಗೇ. ಪ ದ, ನಿ ಸ, ಎಲ್ಲ ಅಕ್ಕಪಕ್ಕದ ಕೀಗಳು. ಒಂದು ಸಪ್ತಕದಲ್ಲಿ ನಾಲ್ಕು ಕಡೆ ಅರ್ಧ ಸ್ವರದ ಅಂತರ. ಅದೇ ಪ್ಯಾಚ್‌ನಲ್ಲಿ, ಅದೇ ರಿವರ್ಬ್‌ನಲ್ಲಿ ಮೋಹನ ನುಡಿಸಿದೆ. ಅಮೃತ! ಸ ರಿ ಗ ಪ ದ, ಎಲ್ಲೂ ಅರ್ಧ ಸ್ವರ ಇಲ್ಲ. ಬಾಲದಲ್ಲಿ ಉಳಿದ ಸ್ವರಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ಹೋಗುತ್ತವೆ.

ಆ ರಾತ್ರಿ ಒಂದು ವಿಷಯ ಗಟ್ಟಿಯಾಯಿತು. ರಿವರ್ಬ್ ಎಷ್ಟಿರಬೇಕು ಅನ್ನುವುದನ್ನು ಸಿಂತ್‌ನ ಪ್ಯಾಚ್ ಹೇಳುವುದಿಲ್ಲ. ನಾನು ಏನು ನುಡಿಸುತ್ತೇನೆ, ಎಲ್ಲಿ ಕೂತು ನುಡಿಸುತ್ತೇನೆ ಅನ್ನುವುದು ಹೇಳುತ್ತದೆ. ಒಂದೇ ಪ್ಯಾಚ್‌ನಲ್ಲಿ ಎರಡು ರಾಗ ನುಡಿಸಿದರೆ ಎರಡು ಥರ ರಿವರ್ಬ್ ಬೇಕು. ಹಾಗಾದರೆ ಅದನ್ನು ಪ್ಯಾಚ್ ಒಳಗೆ ಸೇವ್ ಮಾಡಿ ಏನು ಉಪಯೋಗ? ಕೈಗೆ ಸಿಗುವ ಹಾಗೆ ಹೊರಗೆ ಇರಬೇಕು, ನುಡಿಸುತ್ತಲೇ ತಿರುಗಿಸುವ ಹಾಗಿರಬೇಕು.

ಮರುದಿನವೇ ಎಕ್ಸ್‌ಡಿಯ ರಿವರ್ಬ್ ಆಫ್ ಮಾಡಿ ಜೂಮ್ ಪೆಡಲ್ ಸೇರಿಸಿದೆ. ಈ ಎಂಎಸ್-70ಸಿಡಿಆರ್ ಒಂದು ಸಣ್ಣ ಡಬ್ಬಿ, ಅಂಗೈ ಅಗಲ. ಕೋರಸ್, ಡಿಲೇ, ರಿವರ್ಬ್ ಎಲ್ಲ ಸೇರಿ 86 ಎಫೆಕ್ಟ್ ಇವೆ, ಒಂದರ ಹಿಂದೆ ಒಂದರಂತೆ ಆರರವರೆಗೆ ಜೋಡಿಸಬಹುದು. ಭಾರದ ರಿವರ್ಬ್ ಎರಡು ಮೂರು ಜೋಡಿಸಿದರೆ ಅದರ ಶಕ್ತಿ ಸಾಲುವುದಿಲ್ಲ, ಸ್ಕ್ರೀನ್ ಮೇಲೆ ಹಾಗಂತಲೇ ತೋರಿಸುತ್ತದೆ. ನಮ್ಮ ಕೆಲಸಕ್ಕೆ ಮುಖ್ಯವಾದ ವಿಷಯ ಅಂದರೆ ಇದರ ಇನ್‌ಪುಟ್ ಕೂಡ ಸ್ಟೀರಿಯೋ. ಗಿಟಾರ್‌ಗೆ ಅಂತ ಮಾಡಿದ ಎಷ್ಟೋ ಪೆಡಲ್‌ಗಳಲ್ಲಿ ಇನ್‌ಪುಟ್ ಒಂದೇ ಇರುತ್ತದೆ. ಎಕ್ಸ್‌ಡಿಯ ಕೋರಸ್ ಎಡ ಬಲ ಬೇರೆ ಬೇರೆ ಮಾಡಿ ಕೊಟ್ಟಿದ್ದನ್ನು ಅಂಥ ಪೆಡಲ್ ಮತ್ತೆ ಒಂದು ಮಾಡಿಬಿಡುತ್ತದೆ. ಸ್ಟೀರಿಯೋ ಸಿಂತ್‌ಗೆ ಪೆಡಲ್ ತೆಗೆದುಕೊಳ್ಳುವ ಮುಂಚೆ ಡಬ್ಬಿಯ ಬದಿಗಳನ್ನು ನೋಡಿ. ಒಳಗೆ ಹೋಗಲು ಎರಡು ತೂತು, ಹೊರಗೆ ಬರಲು ಎರಡು ತೂತು ಇರಬೇಕು.

ಜೂಮ್‌ನಲ್ಲಿ ಪ್ಲೇಟ್ ರಿವರ್ಬ್ (ಲೋಹದ ತಗಡಿನ ಮೊಳಗಿನಂಥದ್ದು) ಇಟ್ಟು, ಬಾಲ ಚಿಕ್ಕದು ಮಾಡಿ, ಬಾಲ ಶುರುವಾಗುವುದನ್ನು ಸ್ವಲ್ಪ ತಡ ಮಾಡಿದೆ. ಅದೇ ಸರಳೆ ವರಸೆ ನುಡಿಸಿದೆ. ಸ್ವರ ಮೊದಲು ಸ್ಪಷ್ಟವಾಗಿ ಕೇಳಿಸಿತು, ಆಮೇಲೆ ಹಿಂದಿನಿಂದ ಗೋಡೆ ಮಾತಾಡಿದ ಹಾಗೆ ಬಾಲ ಬಂತು. ರಿಷಭ ರಿಷಭದ ಹಾಗೇ ಕೇಳಿಸಿತು. ಎರಡು ಸೆಕೆಂಡಿಗಿಂತ ಕಡಿಮೆ ಬಾಲ ಸಾಕು ಈ ರಾಗಕ್ಕೆ. ಮೋಹನ, ಹಿಂದೋಳ ನುಡಿಸುವಾಗ ಬೇಕಾದಷ್ಟು ಉದ್ದ ಮಾಡಿಕೊಳ್ಳಬಹುದು.

ಜೂಮ್‌ನ ಕಷ್ಟ ಅಂದರೆ ಸಣ್ಣ ಸ್ಕ್ರೀನ್, ಅದರ ಕೆಳಗೆ ಮೂರು ಸಣ್ಣ ನಾಬ್. ಎಫೆಕ್ಟ್‌ನಿಂದ ಎಫೆಕ್ಟ್‌ಗೆ, ಪುಟದಿಂದ ಪುಟಕ್ಕೆ ಹೋಗಬೇಕು. ಮನೆಯಲ್ಲಿ ಪುರುಸೊತ್ತಾಗಿ ಕೂತು ಸದ್ದು ಕಟ್ಟಲು ಒಳ್ಳೆಯದು. ನುಡಿಸುತ್ತಾ ಬದಲಾಯಿಸಲು ಬಾಸ್ ಆರ್‌ವಿ-6 ನನಗೆ ಇಷ್ಟ. ನಾಲ್ಕೇ ನಾಬ್: ಎಫೆಕ್ಟ್ ಎಷ್ಟು, ಬಣ್ಣ ಹೇಗೆ, ಬಾಲ ಎಷ್ಟು, ಯಾವ ಥರ. ಎಂಟು ಥರ ರಿವರ್ಬ್ ಇವೆ, ನಾನು ಉಪಯೋಗಿಸುವುದು ಹಾಲ್, ಪ್ಲೇಟ್ ಮತ್ತು ಮಾಡ್ಯುಲೇಟ್ ಮಾತ್ರ. ಶಿಮ್ಮರ್ ಅಂತ ಒಂದಿದೆ, ಬಾಲದಲ್ಲಿ ಮೇಲಿನ ಸಪ್ತಕದ ಸ್ವರ ಸೇರಿಸುತ್ತದೆ. ಮೊದಲ ವಾರ ಎಲ್ಲದಕ್ಕೂ ಅದನ್ನೇ ಹಾಕಬೇಕು ಅನಿಸುತ್ತದೆ. ಆಮೇಲೆ ಸಾಕಾಗುತ್ತದೆ. ಇದರಲ್ಲಿರುವ ಟೋನ್ ನಾಬ್ ಮಾತ್ರ ಚಿನ್ನ. ಹಾಡುಗಾರರು ಇರುವ ಕಡೆ ಅದನ್ನು ಎಡಕ್ಕೆ ತಿರುಗಿಸಿ ಬಾಲವನ್ನು ಮಂಕು ಮಾಡಿದರೆ, ಅವರ ದನಿಯ ಮೇಲೆ ನಮ್ಮ ರಿವರ್ಬ್ ಹತ್ತಿ ಕೂರುವುದಿಲ್ಲ. ಇದು ಹಾಡುಗಾರರಿಗೆ ನಾವು ಕೊಡಬೇಕಾದ ಮರ್ಯಾದೆ ಅಂತ ನಾನು ನಂಬಿದ್ದೇನೆ.

ಹೊರಗಿನ ಪೆಡಲ್‌ನಿಂದ ಇನ್ನೊಂದು ದೊಡ್ಡ ಲಾಭ ಮಿಕ್ಸರ್ ಇದ್ದರೆ ಸಿಗುತ್ತದೆ. ಪೆಡಲ್ ಅನ್ನು ಸಿಂತ್‌ನ ಔಟ್‌ಪುಟ್‌ಗೆ ಕಟ್ಟುವ ಬದಲು ಮಿಕ್ಸರ್‌ನ ಆಕ್ಸ್ ಸೆಂಡ್‌ಗೆ (ಪ್ರತಿ ಚಾನೆಲ್‌ನಿಂದ ಬೇಕಾದಷ್ಟು ಸದ್ದನ್ನು ಹೊರಗೆ ಕಳಿಸುವ ದಾರಿಗೆ) ಕೊಡಿ, ಪೆಡಲ್‌ನಿಂದ ಬಂದಿದ್ದನ್ನು ಇನ್ನೊಂದು ಚಾನೆಲ್‌ಗೆ ತನ್ನಿ. ಪೆಡಲ್‌ನಲ್ಲಿ ಮಿಕ್ಸ್ 100 ಇಡಿ, ಅಂದರೆ ಒಣ ಸದ್ದು ಅದರಿಂದ ಬರಬಾರದು, ಬರೀ ರಿವರ್ಬ್ ಬರಬೇಕು. ಜೂಮ್‌ನಲ್ಲಿ ಇದು ಸುಲಭ. ಹೀಗೆ ಮಾಡಿದಾಗ ಸಿಂತ್, ಡ್ರಮ್ ಮಷೀನ್, ಮೈಕ್ ಮೂರೂ ಒಂದೇ ರಿವರ್ಬ್‌ಗೆ ಹೋಗುತ್ತವೆ. ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಹಾಗೆ ಕೇಳುತ್ತದೆ. ಪ್ರತಿಯೊಂದು ವಾದ್ಯದ ಒಳಗಿನ ರಿವರ್ಬ್ ಬೇರೆ ಬೇರೆ ಆನ್ ಮಾಡಿಕೊಂಡರೆ ಒಬ್ಬರು ಬಾವಿಯಲ್ಲಿ, ಒಬ್ಬರು ಬಯಲಲ್ಲಿ, ಒಬ್ಬರು ಬಚ್ಚಲುಮನೆಯಲ್ಲಿ ಕೂತು ನುಡಿಸಿದ ಹಾಗಾಗುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡುವವರು ಇದನ್ನು ಒಂದು ಸಲ ಮಾಡಿ ನೋಡಿ. ಚಾನೆಲ್‌ಗಳ ಸೆಂಡ್ ಒಂದೊಂದಾಗಿ ಏರಿಸುತ್ತಾ ಹೋದಾಗ ವಾದ್ಯಗಳು ಒಂದೊಂದಾಗಿ ಆ ಕೋಣೆಗೆ ಬಂದು ಕೂರುವುದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ತೊಂದರೆಗಳೂ ಇವೆ. ಮೊದಲನೆಯದು ಸದ್ದಿನ ಮಟ್ಟ. ಸಿಂತ್‌ನಿಂದ ಬರುವ ಸಿಗ್ನಲ್ ಗಿಟಾರ್‌ಗಿಂತ ತುಂಬಾ ಜೋರು. ಗಿಟಾರ್ ಪೆಡಲ್‌ಗಳನ್ನು ಸಾಮಾನ್ಯವಾಗಿ ಗಿಟಾರ್‌ನ ಮಟ್ಟಕ್ಕೆ ಮಾಡಿರುತ್ತಾರೆ. ಎಕ್ಸ್‌ಡಿಯ ಮಾಸ್ಟರ್ ವಾಲ್ಯೂಮ್ ಪೂರ್ತಿ ಇಟ್ಟು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಪೆಡಲ್ ಒಳಗೆ ಸದ್ದು ಒಡೆಯುತ್ತದೆ. ಒಂದೇ ಕೀ ಒತ್ತಿ ನೋಡಿ ಸರಿ ಇದೆ ಅಂದುಕೊಳ್ಳಬೇಡಿ. ನಿಮ್ಮ ಅತಿ ಜೋರಿನ ಪ್ಯಾಚ್ ತೆಗೆದು, ಎರಡು ಕೈಯಲ್ಲೂ ಒತ್ತಿ, ಫಿಲ್ಟರ್ ತೆರೆದು ರೆಸೊನೆನ್ಸ್ (ಫಿಲ್ಟರ್ ಕತ್ತರಿಸುವ ಜಾಗದಲ್ಲಿ ಸದ್ದು ಉಬ್ಬುವುದು) ಏರಿಸಿ ನೋಡಿ. ಅಲ್ಲಿ ಒಡೆಯದಿದ್ದರೆ ಸರಿ. ನನ್ನ ಮಾಸ್ಟರ್ ಅರ್ಧದಿಂದ ಸ್ವಲ್ಪ ಮೇಲೆ ಇರುತ್ತದೆ, ಉಳಿದಿದ್ದು ಮಿಕ್ಸರ್‌ನಲ್ಲಿ. ತೀರಾ ಕಡಿಮೆ ಮಾಡಿದರೆ ಪೆಡಲ್‌ನ ಸುಯ್ಯ್ ಸದ್ದು ಮೇಲೆ ಬರುತ್ತದೆ. ಒಳಗಿನ ಎಫೆಕ್ಟ್‌ನಲ್ಲಿ ಈ ತಲೆನೋವೇ ಇಲ್ಲ, ಎಲ್ಲ ಅಳತೆ ಅವರೇ ಮಾಡಿಟ್ಟಿರುತ್ತಾರೆ.

ಎರಡನೆಯದು ಕರೆಂಟು. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಎಕ್ಸ್‌ಡಿಯ ಅಡಾಪ್ಟರ್ 9 ವೋಲ್ಟ್, ಪೆಡಲ್‌ಗಳದ್ದೂ 9 ವೋಲ್ಟ್. ಆದರೆ ಕಾರ್ಗ್‌ನದಕ್ಕೆ ಪಿನ್ನಿನ ನಡುವೆ ಪಾಸಿಟಿವ್, ಬಾಸ್ ಮತ್ತು ಜೂಮ್ ಪೆಡಲ್‌ಗಳಿಗೆ ನಡುವೆ ನೆಗೆಟಿವ್. ಸ್ಟೇಜ್ ಮೇಲಿನ ಗಡಿಬಿಡಿಯಲ್ಲಿ ಅದಲು ಬದಲಾದರೆ ದುಡ್ಡು ಹೋದ ಹಾಗೇ. ನಾನು ಕಾರ್ಗ್ ಅಡಾಪ್ಟರ್‌ನ ವೈರ್‌ಗೆ ಕೆಂಪು ಟೇಪ್ ಸುತ್ತಿದ್ದೇನೆ, ಎಕ್ಸ್‌ಡಿಯ ಹಿಂದೆ ತೂತಿನ ಪಕ್ಕದಲ್ಲೂ ಕೆಂಪು ಟೇಪ್ ತುಂಡು ಅಂಟಿಸಿದ್ದೇನೆ. ಐದು ರೂಪಾಯಿ ಖರ್ಚು. ನನ್ನ ಪರಿಚಯದ ಒಬ್ಬರ ಪೆಡಲ್ ಹೀಗೇ ಸುಟ್ಟುಹೋಯಿತು.

ಹಾಗೇ ಒಂದೇ ಅಡಾಪ್ಟರ್‌ನಿಂದ ಸರಪಳಿ ವೈರ್ ಹಾಕಿ ಮೂರು ಪೆಡಲ್‌ಗೆ ಕರೆಂಟು ಕೊಡುವುದೂ ತೊಂದರೆಯೇ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹೆಸರಿಲ್ಲದ ಅಂಥ ಅಗ್ಗದ ಅಡಾಪ್ಟರ್ ಒಂದನ್ನು ತಂದೆ. ಡಿಜಿಟಲ್ ಪೆಡಲ್ ಎರಡು ಸೇರಿಸಿದ ಕೂಡಲೇ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸಣ್ಣ ಕೀರಲು. ಕೀ ಒತ್ತದಿದ್ದರೂ ಅದು ನಿಲ್ಲಲ್ಲ. ಮೂರು ದಿನ ಕೇಬಲ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಕೊನೆಗೆ ಜೂಮ್‌ಗೆ ಅದರದೇ ಎರಡು ಎಎ ಸೆಲ್ ಹಾಕಿದೆ. ಸದ್ದು ನಿಂತಿತು. ಆಗ ಗೊತ್ತಾಯಿತು ಕಳ್ಳ ಯಾರು ಅಂತ. ಆಮೇಲೆ ಪ್ರತಿ ಪೆಡಲ್‌ಗೂ ಬೇರೆ ಬೇರೆ ದಾರಿ ಇರುವ ಐಸೊಲೇಟೆಡ್ ಸಪ್ಲೈ ತೆಗೆದುಕೊಂಡೆ. ಪೆಡಲ್ ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ, ಜೊತೆಗೆ ನಾಲ್ಕು ಒಳ್ಳೆಯ ಕೇಬಲ್‌ಗಳನ್ನೂ ಸೇರಿಸಿ. ಯಾರೂ ಸೇರಿಸುವುದಿಲ್ಲ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿದಾಗ ಮಾತ್ರ ಹಮ್ ಬರುತ್ತಿದ್ದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಒಮ್ಮೆ ಕಿತ್ತು ನೋಡಿ. ಅದರಿಂದ ನಿಂತರೆ ಅದು ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಸೇರಿದ್ದರಿಂದ ಬರುವ ಹಮ್), ಸಿಂತ್‌ನದ್ದಾಗಲೀ ಪೆಡಲ್‌ನದ್ದಾಗಲೀ ತಪ್ಪಿಲ್ಲ.

ಮೂರನೆಯದು ಸ್ಟೇಜ್. ಕಲ್ಯಾಣ ಮಂಟಪದಲ್ಲಿ ನುಡಿಸಿದವರಿಗೆ ಗೊತ್ತು, ಆ ಕಟ್ಟಡಗಳೇ ರಿವರ್ಬ್. ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಚಾವಣಿ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡಿದ ಪ್ಯಾಚ್‌ನಲ್ಲಿ ರಿವರ್ಬ್ ಸೇವ್ ಆಗಿದ್ದರೆ ಅಲ್ಲಿ ಎಲ್ಲ ಗಂಜಿ. ಅದೇ ಗಣೇಶನ ಪೆಂಡಾಲ್‌ನಲ್ಲಿ, ಬಯಲಲ್ಲಿ ನುಡಿಸುವಾಗ ಸದ್ದು ಹೋಗಿದ್ದು ವಾಪಸ್ಸೇ ಬರಲ್ಲ, ರಿವರ್ಬ್ ಇಲ್ಲದಿದ್ದರೆ ಪ್ಯಾಡ್ಸ್ (ಉದ್ದನೆಯ ಹಿನ್ನೆಲೆ ಸದ್ದುಗಳು) ಎಲ್ಲ ಬೋಳು ಬೋಳು. ಒಳಗಿನ ರಿವರ್ಬ್ ಆದರೆ ಇಪ್ಪತ್ತು ಪ್ಯಾಚ್ ತೆಗೆದು ಇಪ್ಪತ್ತರಲ್ಲೂ ಬದಲಾಯಿಸಿ ಸೇವ್ ಮಾಡಬೇಕು. ಹೊರಗಿನದಾದರೆ ಸೌಂಡ್ ಚೆಕ್‌ನಲ್ಲಿ ಒಂದು ನಾಬ್. ಪೆಡಲ್ ಬೇಕಾ ಅಂತ ಕೇಳುವ ಆರ್ಕೆಸ್ಟ್ರಾ ಗೆಳೆಯರಿಗೆ ನಾನು ಹೇಳುವ ದೊಡ್ಡ ಕಾರಣ ಇದೇ.

ಇನ್ನೊಂದು: ಒಳಗಿನ ರಿವರ್ಬ್ ಪ್ಯಾಚ್‌ನ ಭಾಗ, ಹಾಗಾಗಿ ಹೆಚ್ಚಿನ ಸಿಂತ್‌ಗಳಲ್ಲಿ ಹೊಸ ಪ್ಯಾಚ್ ಕರೆದ ಕೂಡಲೇ ಹಳೆಯ ಸದ್ದಿನ ಬಾಲ ಕತ್ತರಿಸಿ ಬೀಳುತ್ತದೆ. ಪಲ್ಲವಿ ಮುಗಿದು ಸ್ಟ್ರಿಂಗ್ಸ್ ಆರುತ್ತಿರುವಾಗಲೇ ಕೊಳಲಿನ ಪ್ಯಾಚ್‌ಗೆ ಹೋಗಬೇಕು ಅನ್ನಿ, ಕತ್ತರಿ ಹಾಕಿದ ಹಾಗೆ ಕೇಳುತ್ತದೆ. ಪೆಡಲ್‌ಗೆ ಸಿಂತ್ ಏನು ಮಾಡಿತು ಎನ್ನುವುದು ಗೊತ್ತೇ ಇಲ್ಲ, ಅದು ತನ್ನ ಪಾಡಿಗೆ ಬಾಲವನ್ನು ಮುಗಿಸುತ್ತದೆ. ಸ್ಟ್ರಿಂಗ್ಸ್ ಆರುತ್ತಿರುವಾಗಲೇ ಅದರ ಮೇಲೆ ಕೊಳಲು ಏಳುತ್ತದೆ. ಇದು ಕೇಳಲು ಎಷ್ಟು ಚೆನ್ನಾಗಿರುತ್ತದೆ ಅಂದರೆ ಇದೊಂದಕ್ಕೇ ಪೆಡಲ್ ತೆಗೆದುಕೊಳ್ಳಬಹುದು.

ಸ್ಟೀರಿಯೋ ಬಗ್ಗೆಯೂ ಎಚ್ಚರ ಬೇಕು. ಊರ ಕಡೆ ಎಷ್ಟೋ ಸೌಂಡ್ ಸಿಸ್ಟಂಗಳು ಮೋನೋ. ಒಂದು ಕಾರ್ಯಕ್ರಮದಲ್ಲಿ ನಾನು ಎಡ ಬಲ ಎರಡೂ ಕೇಬಲ್ ಹಾಕಿ ಕೊಟ್ಟೆ. ಮಿಕ್ಸರ್‌ನವರು ಎಡಗಡೆಯದು ಮಾತ್ರ ಹಾಕಿಕೊಂಡರು, ನನಗೆ ಹೇಳಲಿಲ್ಲ. ನಾನು ಪಿಂಗ್-ಪಾಂಗ್ ಡಿಲೇ ಇಟ್ಟಿದ್ದೆ. ಎಡಕ್ಕೊಂದು ಬಲಕ್ಕೊಂದು ಬೀಳಬೇಕಾದ್ದು, ಜನರಿಗೆ ಎಡದ್ದು ಮಾತ್ರ ಕೇಳಿಸಿತು. ತಾಳದಲ್ಲಿ ಒಂದು ಬಿಟ್ಟು ಒಂದು ಹಲ್ಲು ಉದುರಿದ ಹಾಗೆ. ಈಗ ಸೌಂಡ್‌ನವರನ್ನು ಮೊದಲೇ ಕೇಳುತ್ತೇನೆ, ಮೋನೋ ಅಂದರೆ ಬರೀ ಎಲ್/ಮೋನೋ ಜ್ಯಾಕ್‌ಗೆ ಕೇಬಲ್ ಹಾಕುತ್ತೇನೆ. ಕೋರಸ್ ಕೂಡ ಮೋನೋದಲ್ಲಿ ಎಡ ಬಲ ಸೇರಿದಾಗ ಒಂದನ್ನೊಂದು ತಿಂದುಹಾಕಿ ಸೊರಗಬಹುದು. ಮನೆಯಲ್ಲೇ ಒಂದು ಸಲ ಮೋನೋದಲ್ಲಿ ಕೇಳಿ ನೋಡಿ.

ಎಕ್ಸ್‌ಡಿ ಬಿಟ್ಟು ಬೇರೆ ಸಿಂತ್ ಇರುವವರಿಗೆ. ಯಮಹಾ ಡಿಎಕ್ಸ್7 1983ರಲ್ಲಿ ಬಂದಾಗ ಅದರಲ್ಲಿ ಎಫೆಕ್ಟ್ ಒಂದೂ ಇರಲಿಲ್ಲ, ಔಟ್‌ಪುಟ್ ಮೋನೋ. ಹಳೆಯ ರೆಕಾರ್ಡ್‌ಗಳಲ್ಲಿ ಅದರ ಎಲೆಕ್ಟ್ರಿಕ್ ಪಿಯಾನೋ ಅಷ್ಟು ಅಗಲವಾಗಿ ಕೇಳುತ್ತದೆಂದರೆ ಅದು ಸ್ಟುಡಿಯೋದ ಕೋರಸ್, ರಿವರ್ಬ್ ಮಾಡಿದ ಕೆಲಸ. 1987ರ ರೋಲೆಂಡ್ ಡಿ-50, 1988ರ ಕಾರ್ಗ್ ಎಂ1 ಬಂದಮೇಲೆ ಎಫೆಕ್ಟ್ ಒಳಗೆ ಇರುವುದೇ ಮಾಮೂಲಾಯಿತು. ಈಗಲೂ ಎರಡೂ ಥರ ಇವೆ. ಆರ್ಟೂರಿಯಾ ಮೈಕ್ರೋಫ್ರೀಕ್‌ನಲ್ಲಿ ಎಫೆಕ್ಟ್ ಇಲ್ಲ, ಔಟ್‌ಪುಟ್ ಮೋನೋ. ಅದಕ್ಕೆ ಸ್ಟೀರಿಯೋ ಔಟ್ ಇರುವ ಯಾವುದೇ ಪೆಡಲ್ ಕಟ್ಟಿದರೂ ಬೇರೆ ವಾದ್ಯವೇ ಆಗಿಬಿಡುತ್ತದೆ, ಅಂಥವರು ಯೋಚನೆ ಮಾಡದೆ ಪೆಡಲ್ ತೆಗೆದುಕೊಳ್ಳಿ. ಅದರ ಅಣ್ಣ, 2022ರ ಮಿನಿಫ್ರೀಕ್‌ನಲ್ಲಿ ಮೂರು ಎಫೆಕ್ಟ್ ಒಳಗೇ ಇವೆ. ಬೆರಿಂಗರ್ ಡೀಪ್‌ಮೈಂಡ್ 12ರಲ್ಲಿ ನಾಲ್ಕು. ಇವುಗಳಲ್ಲಿ ಎಲ್‌ಎಫ್‌ಒ (ನಿಧಾನಕ್ಕೆ ಏರಿಳಿಯುವ ಅಲೆ), ಎನ್ವಲಪ್ (ಕೀ ಒತ್ತಿದಾಗ ಏರಿ ಇಳಿಯುವ ಗತಿ) ಇವುಗಳಿಂದ ಎಫೆಕ್ಟ್‌ನ ನಾಬ್‌ಗಳನ್ನೇ ಆಡಿಸಬಹುದು. ಕೀ ಗಟ್ಟಿಯಾಗಿ ಒತ್ತಿದಷ್ಟೂ ಎಫೆಕ್ಟ್ ಜಾಸ್ತಿ ಆಗುವ ಹಾಗೆ ಮಾಡಬಹುದು. ಹೊರಗಿನ ಪೆಡಲ್‌ನಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ. ಇಂಥ ಸಿಂತ್ ಇದ್ದವರು ಮೊದಲು ಒಳಗಿರುವುದನ್ನೇ ಪೂರ್ತಿ ಕಲಿಯಿರಿ. ಸೀಕ್ವೆನ್ಷಿಯಲ್ ಪ್ರಾಫೆಟ್-6ರಲ್ಲಿ ಎಫೆಕ್ಟ್ ಆಫ್ ಮಾಡಿದರೆ ಸಿಗ್ನಲ್ ಪೂರ್ತಿ ಅನಲಾಗ್ ದಾರಿಯಲ್ಲೇ ಹೋಗುವ ಹಾಗೆ ಮಾಡಿದ್ದಾರೆ. ಅದು ಇರುವವರಿಗೆ ನನ್ನ ಸಲಹೆ ಬೇಕಾಗಿಲ್ಲ.

ಸ್ಟ್ರೈಮನ್ ಬಿಗ್‌ಸ್ಕೈ ಥರದ ದೊಡ್ಡ ರಿವರ್ಬ್ ಬಗ್ಗೆ ಕೇಳುತ್ತಾರೆ. 2013ರಲ್ಲಿ ಬಂದಿದ್ದು, 12 ಥರ ರಿವರ್ಬ್. ಗೆಳೆಯರ ಮನೆಯಲ್ಲಿ ಒಂದು ಸಂಜೆ ಪೂರ್ತಿ ನುಡಿಸಿದೆ, ಎದ್ದು ಬರಲು ಮನಸ್ಸೇ ಆಗಲಿಲ್ಲ. ಬಾಲ ಎಷ್ಟೇ ಉದ್ದ ಮಾಡಿದರೂ ನುಣುಪು ಕೆಡಲ್ಲ. ಆದರೆ ಆ ದುಡ್ಡಿಗೆ ಒಂದು ಮೈಕ್ರೋಫ್ರೀಕ್ ಬರುತ್ತದೆ. ನಾನಾದರೆ ಎರಡನೇ ಸಿಂತ್ ತೆಗೆದುಕೊಳ್ಳುತ್ತೇನೆ. ಸ್ಟುಡಿಯೋದಲ್ಲಿ ದಿನವೂ ಆಂಬಿಯೆಂಟ್ ಕೆಲಸ ಮಾಡುವವರಾದರೆ ಮಾತು ಬೇರೆ. ಬರೀ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುವವರಿಗೆ ಪೆಡಲ್ ಬೇಡವೇ ಬೇಡ. ಒಣ ಸದ್ದು ರೆಕಾರ್ಡ್ ಮಾಡಿ, ಆಮೇಲೆ ಪ್ಲಗಿನ್‌ನಲ್ಲಿ (ಎಫೆಕ್ಟ್ ಕೊಡುವ ಸಾಫ್ಟ್‌ವೇರ್‌ನಲ್ಲಿ) ರಿವರ್ಬ್ ಹಾಕಿ. ತಪ್ಪಾದರೆ ಬದಲಾಯಿಸಬಹುದು. ಪೆಡಲ್‌ನಿಂದ ರೆಕಾರ್ಡ್ ಆದ ರಿವರ್ಬ್ ಅನ್ನು ಆಮೇಲೆ ತೊಳೆಯಲು ಬರುವುದಿಲ್ಲ.

ಜೂಮ್‌ನಲ್ಲಿ ಈಗ 2024ರ ಹೊಸದು, ಎಂಎಸ್-70ಸಿಡಿಆರ್ ಪ್ಲಸ್ ಬಂದಿದೆ, ಎಫೆಕ್ಟ್‌ಗಳ ಲೆಕ್ಕ 149. ಹಳೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ, ಆದರೆ ಕೊಳ್ಳುವ ಮುಂಚೆ ನಿಮ್ಮ ಸಿಂತ್ ಹೊತ್ತುಕೊಂಡೇ ಹೋಗಿ. ಮೂರು ನಾಬ್‌ಗಳನ್ನೂ ನಿಧಾನಕ್ಕೆ ತಿರುಗಿಸಿ, ನಂಬರ್ ಹಾರದೆ ಒಂದೊಂದಾಗಿ ಏರುತ್ತದಾ ನೋಡಿ. ಕಾಲಿನ ಸ್ವಿಚ್ ಇಪ್ಪತ್ತು ಸಲ ಒತ್ತಿ. ಎಡದ ಕೇಬಲ್ ಮಾತ್ರ, ಆಮೇಲೆ ಬಲದ ಕೇಬಲ್ ಮಾತ್ರ ಹಾಕಿ ಕೇಳಿ. ನಾನು ತಂದ ಪೆಡಲ್‌ನಲ್ಲಿ ಬಲಗಡೆಯ ಜ್ಯಾಕ್ ಸಡಿಲ ಇತ್ತು, ಮಾರಿದವರು ಗಿಟಾರ್‌ನವರು, ಅದನ್ನು ಒಮ್ಮೆಯೂ ಉಪಯೋಗಿಸಿರಲಿಲ್ಲ, ಹಾಗಾಗಿ ಅವರಿಗೂ ಗೊತ್ತಿರಲಿಲ್ಲ. ಬಿಚ್ಚಿ ಬೆಸುಗೆ ಹಾಕಿಸಿದೆ, ಅವತ್ತಿನಿಂದ ತೊಂದರೆ ಕೊಟ್ಟಿಲ್ಲ.